ಅಣ್ಣನ ಕೀಲೆಣ್ಣೆ

ಸಿದ್ದಮಲ್ಲಪ್ಪ ತಮ್ಮ ಶಿವನಂಜಪ್ಪನ ಲಾರಿ ಶೆಡ್ಡಿಗೆ ಕಾಲಿಟ್ಟದ್ದು ಹುಣಸೂರಿನ ಮಟ್ಟಿಗೆ ಸಣ್ಣ ಸುದ್ದಿಯೇನಲ್ಲ. ತಮ್ಮನ ಲಾರಿ ಬಂದು ಮನೆಯ ಎತ್ತಿನ ಗಾಡಿಗಳು ಮೂಲೆ ಸೇರಿದ ಮೇಲೆ ಆ ಪುಣ್ಯಾತ್ಮ ಶೆಡ್ಡಿನ ಮುಂದಿನ ರಸ್ತೆಯನ್ನೇ ಬಿಟ್ಟು, ಲಕ್ಷ್ಮಣತೀರ್ಥದ ದಂಡೆ ಹಿಡಿದು ಸುತ್ತಿಕೊಂಡು ಪೇಟೆಗೆ ಹೋಗುತ್ತಿದ್ದ. ಅಂಥವನು ಆ ಬೆಳಿಗ್ಗೆ ತಾನಾಗಿ ಬಂದು, ಹಳೇ ಟೈರಿನ ಮೇಲೆ ಕುಳಿತು, ತಮ್ಮ ತರಿಸಿಕೊಟ್ಟ ಕಾಫಿಯನ್ನೂ ಕುಡಿದು, ಎಲೆಗೆ ಸುಣ್ಣ ಸವರತೊಡಗಿದ. ಶಿವನಂಜಪ್ಪನಿಗೆ ಹಿಗ್ಗೋ ಹಿಗ್ಗು. ಅಣ್ಣನ ಮುನಿಸು ಇಳಿಯಿತಲ್ಲ, ಇನ್ನೇನು ಬೇಕು ಅಂದುಕೊಂಡ.

ತನ್ನ ಮಗ ನೀಲಕಂಠಸ್ವಾಮಿ ಹೇಗಿದ್ದಾನೆ, ಕಾಡಿನಿಂದ ಸುದ್ದಿ ಬಂತೇ ಎಂದು ಅಣ್ಣ ಕೇಳಿದ. ಮೊನ್ನೆ ಲಾರಿ ತೆಗೆದುಕೊಂಡು ಹೋದವನು ಬೇಗೂರಿನ ಆಚೆ ಮರ ಕಡಿಯುವ ಕೂಪಿನಿಂದ ಡಿಪೋಗೆ ದಿಮ್ಮಿ ಸಾಗಿಸುತ್ತಿದ್ದಾನೆ, ಹೊಸ ಜಾಯಿಂಟು ಗಟ್ಟಿಯಾಗಿ ನಿಂತಿರಬೇಕು ಎಂದು ತಮ್ಮ ಹೇಳಿದ. ಆಗ ಸಿದ್ದಮಲ್ಲಪ್ಪ ಸುತ್ತ ನೋಡಿ, ಕಳ್ಳನಗೆ ನಕ್ಕು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ, ಗಾಡಿಯ ಎಣ್ಣೆ ತುಂಬಿಡುವ ಬಿದಿರಿನ ಗೊಟ್ಟವನ್ನು ತಟ್ಟಿದ.

"ಗಟ್ಟಿಯಾಗಿ ನಿಲ್ದೆ ಏನ್ಲಾ? ನಾನೂ ಒಂದ್ ಕೈ ಆಕಿವ್ನಿ. ಅವತ್ತು ನೀನು ಉಣ್ಣಕ್ ಓಗಿದ್ದಾಗ ಬಂದಿದ್ದೆ. ಗೋಣಿ ಮ್ಯಾಲೆ ಬಟ್ಲು ಮಡಗಿದ್ದೆಲ್ಲ, ಖಾಲಿ ಇದ್ದೋಕೆ ಮನೆ ಕೀಲೆಣ್ಣೆ ತುಂಬ್ದೆ. ಒಸ ಅಚ್ಚಿಗೆ ಮೊದ್ಲು ಎಣ್ಣೆ ಇಡೋನು ಮನೆ ಇರೀಕ ಅಲ್ವಾ?"

ಶಿವನಂಜಪ್ಪನ ಕೈಯಲ್ಲಿದ್ದ ಸ್ಪ್ಯಾನರು ಕೈಯಲ್ಲೇ ಉಳಿಯಿತು. ಎದೆ ಮಾತ್ರ ಧಸಕ್ಕೆಂದು ಕುಸಿಯಿತು.

ಯಾಕೆ ಕುಸಿಯಿತು ಎಂದು ಹೇಳಬೇಕಾದರೆ ಆ ಲಾರಿಯ ಜಾತಕ ಸ್ವಲ್ಪ ಬಿಚ್ಚಬೇಕು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜಿಗೆ ಹಾಕಿದ ಲಾರಿ ಅದು. ಹಿಂದಿನ ಆಕ್ಸಲ್ಲಿಗೂ ಮುಂದಿನದಕ್ಕೂ ಎರಡಕ್ಕೂ ಎಂಜಿನ್ನಿನ ಶಕ್ತಿ ಹೋಗುತ್ತದೆ. ಕಾಡಿನ ಕೆಸರಿನಲ್ಲಿ ಬೇರೆ ಲಾರಿಗಳು ಹೂತು ಕುಳಿತಾಗ ಇದು ಆನೆಮರಿಯಂತೆ ಎದ್ದು ಬರುತ್ತಿತ್ತು. ಆ ಶಕ್ತಿಯನ್ನು ಒಯ್ಯಲು ಅದರ ಹೊಟ್ಟೆಯ ಕೆಳಗೆ ತಿರುಗುವ ಉಕ್ಕಿನ ಕೊಳವೆಗೆ ಶಾಫ್ಟು ಎನ್ನುತ್ತಾರೆ, ಹಿಂದಕ್ಕೊಂದು, ಮುಂದಕ್ಕೊಂದು. ಒಂದೊಂದರ ಎರಡು ತುದಿಗೂ ಕವೆಯಂಥ ಯೋಕು. ಕವೆಗೂ ಕವೆಗೂ ನಡುವೆ, ಕೂಡುವ ಲೆಕ್ಕದ ಗುರುತಿನಂತಿರುವ ಒಂದು ಕ್ರಾಸು. ಕ್ರಾಸಿನ ನಾಲ್ಕು ಕೈಗೂ ಒಂದೊಂದು ಉಕ್ಕಿನ ಬಟ್ಟಲು ತೊಡಿಸುತ್ತಾರೆ. ಬಟ್ಟಲ ಒಳಗೆ ಸೂಜಿಯಂಥ ಸಣ್ಣ ಸಣ್ಣ ಉರುಳೆಗಳು. ಇದೆಲ್ಲ ಸೇರಿದ್ದೇ ಜಾಯಿಂಟು. ಲಾರಿಯ ಜೀವವೆಲ್ಲ ಆ ಸೂಜಿಗಳ ಮೇಲೆ. ಸೈನಿಕರನ್ನು ಹೊರಲು ಮಾಡಿದ ಆ ಸಣ್ಣ ಜಾಯಿಂಟು ಹೊನ್ನೆ, ಮತ್ತಿಯ ದಿಮ್ಮಿ ಹೊತ್ತರೆ ತಡೆದೀತೇ? ಹೋದ ವರ್ಷ ಮುರಿಯಿತು. ಮುರಿದ ಶಾಫ್ಟು ಹಲಗೆ ಸೀಳಿಕೊಂಡು ಮೇಲೆ ಬಂದು, ಕ್ಲೀನರ್ ಚಿಕ್ಕಮಾದುವಿನ ಪಾದವನ್ನು ಜಜ್ಜಿಹಾಕಿತು. ಅವನೀಗ ಪಿರಿಯಾಪಟ್ಟಣದಲ್ಲಿ ಅಕ್ಕನ ಮನೆಯ ಜಗುಲಿಯ ಮೇಲೆ ಕೋಲು ಹಿಡಿದು ಕೂರುತ್ತಾನೆ.

ಅವತ್ತು ಅತ್ತಿಗೆ ಶಿವರುದ್ರಮ್ಮ ಶೆಡ್ಡಿಗೇ ಬಂದು ನಿಂತಿದ್ದಳು. ತನ್ನ ಒಬ್ಬನೇ ಮಗನನ್ನು ಈ ಕಬ್ಬಿಣದ ಬಾಯಿಗೆ ಕೊಡಲು ಸಾಧ್ಯವಿಲ್ಲ ಎಂದಳು. ಶಿವನಂಜಪ್ಪ ಕೊರಳಿನ ಲಿಂಗ ಮುಟ್ಟಿ ಮಾತು ಕೊಟ್ಟಿದ್ದ: ಜಾಯಿಂಟನ್ನು ದೊಡ್ಡದು ಮಾಡುತ್ತೇನೆ, ಇನ್ನೊಂದು ಸಲ ಮುರಿದರೆ ನಿಮ್ಮ ಮಗನ ಕೈಗೆ ಸ್ಟೀರಿಂಗು ಕೊಡುವುದಿಲ್ಲ. ಮಾತಿಗೆ ತಕ್ಕ ಹಾಗೆ ಮೈಸೂರಿನ ಗುಜರಿಗಳನ್ನೆಲ್ಲ ಸುತ್ತಿ, ಇದಕ್ಕಿಂತ ದೊಡ್ಡ ಆರು ಗಾಲಿಯ ಲಾರಿಯ ಕವೆ, ಕ್ರಾಸುಗಳನ್ನು ಹುಡುಕಿ ತಂದ. ಹೊಸ ಕವೆಯ ಒಳಹಲ್ಲು ಈ ಆಕ್ಸಲ್ಲಿಗೆ ಕೂಡಲಿಲ್ಲ. ಹಳೆಯದರ ಬುಡ ಕತ್ತರಿಸಿ, ಹೊಸದರ ತಲೆಗೆ ಬೆಸೆದು, ಲೇತಿಗೆ ಹಾಕಿ ನೇರ ಮಾಡಿಸಿದ. ಹಿಂದಿನ ಶಾಫ್ಟಿಗೂ ಮುಂದಿನ ಶಾಫ್ಟಿಗೂ ಎಲ್ಲವೂ ಹೊಸದು. ಮಗುವಿಗೆ ಎಣ್ಣೆ ಒತ್ತುವ ಹಾಗೆ ಒಂದೊಂದು ಬಟ್ಟಲಿಗೂ ಗ್ರೀಸು ಒತ್ತುತ್ತಿದ್ದಾಗಲೇ ಊಟಕ್ಕೆ ಕರೆ ಬಂದದ್ದು. ತಿರುಗಿ ಬಂದು ನೋಡಿದರೆ ಬಟ್ಟಲೆಲ್ಲ ತುಂಬಿದ್ದವು. ಆಗಲೇ ಎಲ್ಲ ಮುಗಿಸಿಬಿಟ್ಟಿದ್ದೆನಲ್ಲ ಎಂದು ತನ್ನನ್ನೇ ಮೆಚ್ಚಿಕೊಂಡು ಜೋಡಿಸಿಬಿಟ್ಟ. ಅವನ ಗ್ರೀಸೂ ಕಪ್ಪು, ಅಣ್ಣನ ಕೀಲೆಣ್ಣೆಯೂ ಕಪ್ಪು. ಯಾವ ಬಟ್ಟಲು ಯಾವ ಕ್ರಾಸಿಗೆ ಹೋಯಿತೋ ಆ ಶಿವನೇ ಬಲ್ಲ.

ಕೀಲೆಣ್ಣೆ ಎಂದರೆ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಬೂದಿ ಕಲಸಿದ್ದು. ಗಾಡಿ ಚಕ್ರದ ಮರದ ಗುಂಬಕ್ಕೆ ಅದು ಅಮೃತ. ಸೂಜಿಯಂಥ ಉರುಳೆಗೆ ಆ ಬೂದಿ ವಿಷ. ಅದೂ ಅಣ್ಣನ ಗೊಟ್ಟದೊಳಗೆ ವರ್ಷಗಟ್ಟಲೆ ದಾರಿಯ ಮರಳು ಬೇರೆ ಸೇರಿಕೊಂಡಿದೆ. ಇಷ್ಟು ಹೊತ್ತಿಗೆ ಅರೆದು ಅರೆದು ಸೂಜಿಗಳನ್ನು ಹಿಟ್ಟು ಮಾಡಿರಬೇಕು.

ಹೇಳಬೇಕೆಂದು ಬಾಯಿ ತೆರೆದ. ಅಣ್ಣನ ಮುಖ ನೋಡಿದ. ಗಾಡಿಗಳನ್ನು ಮಾರಲಾರದೆ, ಹೂಡಲಾರದೆ, ಕೊಟ್ಟಿಗೆಯಲ್ಲಿಟ್ಟು ದಿನಾ ಒರೆಸುತ್ತಿದ್ದ ಮನುಷ್ಯ. ಯಾರಿಗೂ ತಿಳಿಯದ ಹಾಗೆ ಬಂದು, ವೈರಿ ಲಾರಿಗೆ ಮನೆಯ ಎಣ್ಣೆಯಿಟ್ಟು ಹರಸಿ ಹೋಗಿದ್ದ. ನೀನು ಹರಸಿದ್ದಲ್ಲ, ಮಗನ ಕೊರಳಿಗೇ ಕುತ್ತು ತಂದೆ ಎಂದು ಯಾವ ಬಾಯಲ್ಲಿ ಹೇಳುವುದು?

ಕಾಡಿಗೆ ಹೋಗಿ ಲೋಡು ಇಳಿಯುವುದನ್ನು ನೋಡಿಕೊಂಡು ಬರೋಣ ಬಾ ಎಂದಷ್ಟೇ ಹೇಳಿ, ಶೆಡ್ಡಿನ ಬಾಗಿಲು ಎಳೆದು, ಅಣ್ಣನನ್ನು ಕೋಟೆ, ಸರಗೂರಿನ ಬಸ್ಸಿಗೆ ಹತ್ತಿಸಿದ.

ಆ ಬಸ್ಸೋ, ದೇವರೇ! ಅವತ್ತೇ ಅದಕ್ಕೆ ಸಾವಧಾನದ ಚಟ ಹಿಡಿಯಬೇಕೇ? ಕೈಯೆತ್ತಿದವರಿಗೆಲ್ಲ ನಿಂತಿತು. ಕೋಳಿಪಂಜರಕ್ಕೆ ನಿಂತಿತು, ಹೊಗೆಸೊಪ್ಪಿನ ಮೂಟೆಗೆ ನಿಂತಿತು. ಶಿವನಂಜಪ್ಪ ಕಾಲಬೆರಳಿನಿಂದ ಬಸ್ಸಿನ ನೆಲವನ್ನೇ ಒತ್ತುತ್ತಿದ್ದ, ತಾನೇ ಓಡಿಸುತ್ತಿರುವವನ ಹಾಗೆ. ಪಕ್ಕದಲ್ಲಿ ಸಿದ್ದಮಲ್ಲಪ್ಪನಿಗೆ ಮದುವೆಗೆ ಹೊರಟ ಸಂಭ್ರಮ. ಸರಗೂರಿನ ದಾರಿಯಲ್ಲಿ ತಾನು ಗಾಡಿ ಹೊಡೆದದ್ದು, ಕಪಿಲೆಯ ಮರಳಿನಲ್ಲಿ ಎತ್ತು ಮಂಡಿಯೂರಿ ಎಳೆದದ್ದು, ಎಲ್ಲ ಹೇಳಿದ. ಇಳಿಜಾರಿನಲ್ಲಿ ಹಗ್ಗ ಕೈ ಬದಲಿಸಬಾರದು, ಹಿಡಿದವನೇ ಇಳಿಸಬೇಕು ಎಂದು ತನ್ನಪ್ಪ ಕಲಿಸಿದ್ದನ್ನೂ ಹೇಳಿದ. ಮಗನಿಗೆಂದು ಬಸ್ ಸ್ಟ್ಯಾಂಡಿನಲ್ಲಿ ಕೊಂಡಿದ್ದ ಬಾಳೆಹಣ್ಣನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದ.

"ಅಲ್ಲ ಕಣೋ, ನಾನು ಬಂದಿದ್ದು ನೋಡ್ದ್ರೆ ಮಗ ಏನಂದಾನು?" ಎಂದು ಕೇಳಿ ತಾನೇ ನಕ್ಕ.

ಶಿವನಂಜಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ಆ ಲಾರಿಯ ಕೈಬ್ರೇಕು ಚಕ್ರವನ್ನು ಹಿಡಿಯುವಂಥದ್ದಲ್ಲ, ಶಾಫ್ಟನ್ನೇ ಹಿಡಿಯುವಂಥದ್ದು. ಇಳಿಜಾರಿನಲ್ಲಿ ಹಿಂದಿನ ಶಾಫ್ಟು ಹೋದರೆ ಎಂಜಿನ್ನಿನ ತಡೆ ಹೋಯಿತು, ಕೈಬ್ರೇಕೂ ಹೋಯಿತು. ಮುಂದಿನ ಆಕ್ಸಲ್ಲಿಗೂ ಶಕ್ತಿ ಕೊಡುವ ಲಿವರು ಎಳೆದಿದ್ದರೆ ಮಾತ್ರ ಮುಂದಿನ ಶಾಫ್ಟಿನ ಮೂಲಕ ಎಂಜಿನ್ನೂ ಕೈಬ್ರೇಕೂ ಲಾರಿಯನ್ನು ಹಿಡಿದಾವು. ನೀಲಕಂಠನಿಗೆ ಅದನ್ನು ಸಾವಿರ ಸಲ ಹೇಳಿದ್ದ. ಆದರೆ ಲಿವರು ಎಳೆದರೆ ಸ್ಟೀರಿಂಗು ಕಲ್ಲಿನ ಹಾಗೆ ಭಾರವಾಗುತ್ತದೆ ಎಂದು ಆ ಹುಡುಗು ಬುದ್ಧಿಯವನು ಎಳೆಯದೆ ಜಾರಿಕೊಳ್ಳುತ್ತಿದ್ದ. ಇವತ್ತು ಎಳೆದಿರುತ್ತಾನಾ?

ಸರಗೂರಿನಿಂದ ಮುಂದೆ ಬಿದಿರಿಗೆ ಹೊರಟಿದ್ದ ಲಾರಿಯೊಂದು ಸಿಕ್ಕಿತು. ಕಾಡಿನ ಡಿಪೋ ಬಳಿ ಇಳಿದಾಗ ಪಡುವಣ ದಿಕ್ಕಿನಲ್ಲಿ ಮೋಡ ಕಪ್ಪಗೆ ಹೆಪ್ಪುಗಟ್ಟುತ್ತಿತ್ತು. ನಿಮ್ಮ ಲಾರಿ ಬೆಳಿಗ್ಗೆ ಒಂದು ಲೋಡು ಇಳಿಸಿ ಮತ್ತೆ ಮೇಲೆ ಹೋಗಿದೆ, ಇನ್ನೇನು ಬರಬೇಕು ಎಂದು ಕಾವಲಿನವನು ಹೇಳಿದ. ಶಿವನಂಜಪ್ಪ ಕೇಳಿಸಿಕೊಂಡವನೇ ಕರಡಿಕಲ್ಲಿನ ಏರು ಹತ್ತತೊಡಗಿದ. ಒಂದು ಕಡೆ ಗುಡ್ಡದ ಕೆಮ್ಮಣ್ಣಿನ ಗೋಡೆ, ಇನ್ನೊಂದು ಕಡೆ ಕೆಳಗೆ ಹಳ್ಳ. ಹಿಂದೆ ಅಣ್ಣ, ನಿಧಾನಕ್ಕೆ ಹತ್ತೋ, ಯಾರು ಅಟ್ಟಿಸಿಕೊಂಡು ಬಂದವ್ರೆ ಎಂದು ಗೊಣಗುತ್ತ ಬರುತ್ತಿದ್ದ.

ಮೇಲಿನಿಂದ ಎಂಜಿನ್ನಿನ ಸದ್ದು ಕೇಳಿಸಿತು. ಅದರ ಜೊತೆಗೆ ಇನ್ನೊಂದು ಸಣ್ಣ ಸದ್ದು. ಚಿಂವ್, ಚಿಂವ್, ಚಿಂವ್.

ಯಾವುದೋ ಹಕ್ಕಿ ಎಂದ ಸಿದ್ದಮಲ್ಲಪ್ಪ.

ಹಕ್ಕಿಯಲ್ಲ. ಒಣಗಿದ ಸೂಜಿ ಉಕ್ಕನ್ನು ಉಜ್ಜುವ ಸದ್ದು. ಶಿವನಂಜಪ್ಪ ಪಂಚೆ ಎತ್ತಿ ಕಟ್ಟಿ ಓಡಿದ. ತಿರುವಿನಲ್ಲಿ ಲಾರಿಯ ಮೂತಿ ಕಾಣಿಸಿತು, ಬೆನ್ನ ಮೇಲೆ ಸರಪಳಿ ಬಿಗಿದ ಎರಡು ದೊಡ್ಡ ದಿಮ್ಮಿ. ರಸ್ತೆಯ ನಟ್ಟನಡುವೆ ನಿಂತು, ಬಿಗಿದ ಮುಷ್ಟಿಯನ್ನು ಎದೆಗೆ ಎಳೆದೆಳೆದು ತೋರಿಸಿದ. ಎಂಜಿನ್ನಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲವೆಂದು ಶೆಡ್ಡಿನಲ್ಲಿ ಅವರಿಬ್ಬರೂ ಮಾಡಿಕೊಂಡಿದ್ದ ಸನ್ನೆ ಅದು: ಮುಂದಿನ ಲಿವರು ಎಳಿ. ಲಾರಿ ನಿಲ್ಲುವ ಹಾಗೆ ಕುಗ್ಗಿತು. ಹಲ್ಲಿಗೆ ಹಲ್ಲು ಕಚ್ಚಿದ ಕರಕರ ಸದ್ದು ಬಂತು. ಮತ್ತೆ ಇಳಿಯತೊಡಗಿತು.

ಹತ್ತು ಮಾರು ಬಂದಿತ್ತೋ ಇಲ್ಲವೋ, ಕೆಳಗೆ ಗುಂಡು ಹಾರಿದ ಹಾಗೆ ಸಿಡಿಯಿತು. ಹಿಂದಿನ ಶಾಫ್ಟು ಒಂದು ಕಡೆ ಕಳಚಿಕೊಂಡು, ಹುಚ್ಚು ಹಿಡಿದ ಒನಕೆಯಂತೆ ಲಾರಿಯ ಹೊಟ್ಟೆಗೆ ಬಡಿಯಿತು. ಲಾರಿ ಜಾರಿತು, ಮುಂದಿನ ಗಾಲಿಗಳು ನೆಲ ಕಚ್ಚಿ ಉಳುತ್ತ ಬಂದವು, ಎಂಜಿನ್ನು ಉಸಿರುಗಟ್ಟಿ ನಿಂತಿತು. ಲಾರಿಯೂ ನಿಂತಿತು. ಎಡಗಾಲಿ ಹಳ್ಳದ ಅಂಚಿಗೆ ಒಂದು ಗೇಣು ಬಿಟ್ಟು ನಿಂತಿತ್ತು.

ಏನಾಗಿದೆ ಎಂದು ಶಿವನಂಜಪ್ಪ ಅರಿಯುವ ಮೊದಲೇ ಸಿದ್ದಮಲ್ಲಪ್ಪ ಅವನನ್ನು ದಾಟಿ ಓಡಿದ್ದ. ದಂಡೆಯ ಕಲ್ಲೊಂದನ್ನು ಎದೆಗವಚಿ ತಂದು ಗಾಲಿಯ ಮುಂದಕ್ಕೆ ಒತ್ತಿದ, ಇನ್ನೊಂದನ್ನು ಆಚೆಯ ಗಾಲಿಗೆ ಒತ್ತಿದ. ವರ್ಷಗಟ್ಟಲೆ ಗಾಡಿಯ ಹಿಂದೆ ಹೀಗೆ ಅಡ್ಡ ಕೊಟ್ಟ ಕೈಗೆ ಹೇಳಿಕೊಡಬೇಕಾಗಿರಲಿಲ್ಲ.

ನೀಲಕಂಠಸ್ವಾಮಿ ಮುಖದಲ್ಲಿ ರಕ್ತವಿಲ್ಲದೆ ಕುಳಿತಿದ್ದ. ಎರಡೂ ಕೈ ಕೈಬ್ರೇಕಿನ ಮೇಲೆ. ಅದರ ಹಲ್ಲು ಸವೆದಿತ್ತು, ಬಿಟ್ಟರೆ ಜಾರುತ್ತಿತ್ತು. ಕಾಲುಬ್ರೇಕು ತುಳಿದರೆ ಸೀದಾ ನೆಲಕ್ಕೆ ಹೋಗುತ್ತಿದೆ ಎಂದು ಹೇಳಿದ. ಶಿವನಂಜಪ್ಪ ಬಗ್ಗಿ ನೋಡಿದ. ಬಡಿದ ಶಾಫ್ಟು ಬ್ರೇಕಿನ ಕೊಳವೆಯನ್ನು ಕತ್ತರಿಸಿ, ಎಣ್ಣೆ ಮಣ್ಣಿಗೆ ಸುರಿಯುತ್ತಿತ್ತು. ಈಗ ಅಷ್ಟು ಭಾರವನ್ನು ಹಿಡಿದಿರುವುದು ಎರಡು ಕಲ್ಲು ಮತ್ತು ಮುಂದಿನ ಶಾಫ್ಟು. ಮೋಡ ತಲೆಯ ಮೇಲೆ ಬಂದಿತ್ತು. ಮಳೆ ಬಿದ್ದು ಕೆಮ್ಮಣ್ಣು ನೆನೆದರೆ ಕಲ್ಲು ಸಾಬೂನಿನ ಹಾಗೆ ಜಾರುತ್ತದೆ. ಇಲ್ಲಿ ದಿಮ್ಮಿ ಇಳಿಸುವಂತಿಲ್ಲ, ಕಾಯುವಂತೆಯೂ ಇಲ್ಲ. ಹುಡುಗ ಕೈಬ್ರೇಕು ಬಿಟ್ಟು ಕೆಳಗಿಳಿಯುವಂತಿಲ್ಲ.

ಏನಾಯ್ತು ಚಿಗಪ್ಪ, ಯಾಕೆ ಮುರೀತು ಎಂದು ಮೇಲಿನಿಂದ ಕೇಳಿದ.

"ಗುಜರಿ ಮಾಲು ಕಣಪ್ಪ. ನಾನು ನೋಡಿ ತರ್ಬೇಕಿತ್ತು, ನಂದೇ ತಪ್ಪು" ಎಂದ ಶಿವನಂಜಪ್ಪ.

ಸಿದ್ದಮಲ್ಲಪ್ಪ ರಸ್ತೆಯಲ್ಲಿ ಬಿದ್ದಿದ್ದ ಒಡೆದ ಬಟ್ಟಲನ್ನು ಎತ್ತಿಕೊಂಡಿದ್ದ. ಇನ್ನೂ ಬಿಸಿಯಿತ್ತು. ಒಳಗೆ ಸೂಜಿಗಳಿರಲಿಲ್ಲ, ಕಪ್ಪು ರಾಡಿಯಿತ್ತು. ಬೆರಳಲ್ಲಿ ತೀಡಿದ. ಮೂಗಿನ ಹತ್ತಿರ ತಂದ. ಅವನ ಕೈ ಅಲ್ಲಿಯೇ ನಿಂತಿತು. ತಮ್ಮನ ಕಡೆ ತಿರುಗಿದಾಗ ಆ ಮುಖವನ್ನು ನೋಡುವುದಕ್ಕಿಂತ ಲಾರಿಯ ಕೆಳಗೆ ಸಿಕ್ಕಿಕೊಳ್ಳುವುದೇ ವಾಸಿ ಅನಿಸಿತು ಶಿವನಂಜಪ್ಪನಿಗೆ.

"ಸುಳ್ಳು ಯಾಕ್ಲಾ ಏಳ್ತೀಯ? ಇದು ನನ್ ಎಣ್ಣೆ. ನನ್ ಮನೆ ಎಣ್ಣೆ ವಾಸ್ನೆ ನಂಗೆ ಗೊತ್ತಾಗಲ್ವಾ?"

ಶಿವನಂಜಪ್ಪ ಒಡೆದ ಬಟ್ಟಲನ್ನು ಇಸಿದುಕೊಳ್ಳಲು ಕೈ ನೀಡಿದ, ಅಣ್ಣ ಕೊಡಲಿಲ್ಲ.

"ಬೆಳಗ್ಗೆನೇ ಗೊತ್ತಿತ್ತು ನಿಂಗೆ. ಅದ್ಕೇ ಓಡ್ ಬಂದೆ. ದಾರಿಯುದ್ದಕ್ಕೂ ಬಾಯಿ ಬುಡ್ನಿಲ್ಲ."

"ಎಂಗೆ ಏಳ್ಲಣ್ಣ?"

ಅಳುವುದಕ್ಕೆ ಹೊತ್ತಿರಲಿಲ್ಲ. ಎಷ್ಟು ಬಟ್ಟಲಿಗೆ ತುಂಬಿದೆ ಎಂದು ಶಿವನಂಜಪ್ಪ ಕೇಳಿದ. ಎಣಿಸಲಿಲ್ಲ, ಖಾಲಿಯಿದ್ದುದಕ್ಕೆಲ್ಲ ತುಂಬಿದೆ ಎಂದ ಅವನು. ಹಾಗಾದರೆ ಮುಂದಿನ ಶಾಫ್ಟಿನಲ್ಲೂ ಇರಬಹುದು. ಈಗ ಹುಡುಗನ ಜೀವ ನೇತಾಡುತ್ತಿರುವುದೇ ಅದರ ಮೇಲೆ. ಬಿಚ್ಚಿ ನೋಡೋಣವೆಂದರೆ ಬಿಚ್ಚಿದ ಗಳಿಗೆಗೆ ಲಾರಿ ಕೈ ಬಿಡುತ್ತದೆ. ಗ್ರೀಸೋ ಎಣ್ಣೆಯೋ ಎಂದು ಕಣ್ಣಿಗೆ ತಿಳಿಯುವುದಿಲ್ಲ, ಎರಡೂ ಕಪ್ಪು. ಶಿವನಂಜಪ್ಪನ ಮೂಗಿಗೆ ವರ್ಷಗಳಿಂದ ಪೆಟ್ರೋಲಿನ ವಾಸನೆ ಬಿಟ್ಟರೆ ಬೇರೊಂದು ಹತ್ತುತ್ತಿರಲಿಲ್ಲ.

ಸಿದ್ದಮಲ್ಲಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗಿದ. ನೀರಿನ ಡಬ್ಬ ಕೇಳಿ ಇಸಿದುಕೊಂಡು ಬಾಯಿ ಮುಕ್ಕಳಿಸಿದ, ಮೂಗು ತೊಳೆದ. ತಮ್ಮ ತಡೆಯುವಷ್ಟರಲ್ಲಿ ಲಾರಿಯ ಕೆಳಗೆ ನುಸುಳಿಬಿಟ್ಟ.

ಮೇಲೆ ದಿಮ್ಮಿಗಳು ಕಿರ್ರ್ ಎಂದವು. ಮಗ ಕೈಬ್ರೇಕಿನ ಮೇಲಿನ ಹಿಡಿತ ಬಿಗಿ ಮಾಡಿದ. ಶಿವನಂಜಪ್ಪ ನೆಲಕ್ಕೆ ಕೆನ್ನೆಯಿಟ್ಟು ನೋಡುತ್ತಿದ್ದ. ಅಣ್ಣ ಮುಂದಿನ ಶಾಫ್ಟಿನ ಒಂದೊಂದು ಬಟ್ಟಲಿನ ಅಂಚಿನಿಂದಲೂ ಜಿನುಗಿದ್ದನ್ನು ಬೆರಳಿಗೆ ತೆಗೆದುಕೊಂಡು ಮೂಸುತ್ತಿದ್ದ, ಬೆರಳನ್ನು ಮಣ್ಣಿಗೆ ಉಜ್ಜಿ ಮತ್ತೆ ಮೂಸುತ್ತಿದ್ದ.

"ಇದು ನಿಂದು." ಮುಂದಿನದನ್ನು ಮೂಸಿ, "ಇದೂ ನಿಂದೇ."

ಹಾಗೇ ಒಂದೊಂದಾಗಿ ಹೇಳುತ್ತ ಹೋದ. ಕೊನೆಯ ಬಟ್ಟಲಿಗೆ ಬಂದ. ಎರಡು ಸಲ ಮೂಸಿದ. ಎಂಜಿನ್ನಿನ ಎಣ್ಣೆ ತೊಟ್ಟಿಕ್ಕಿ ಅಲ್ಲಿಯ ವಾಸನೆ ಕಲಬೆರಕೆಯಾಗಿತ್ತು. ಹನಿಯೊಂದು ಶಿವನಂಜಪ್ಪನ ಬೆನ್ನಿನ ಮೇಲೆ ಬಿತ್ತು, ಮಳೆಯ ಮೊದಲ ಹನಿ. ಸಿದ್ದಮಲ್ಲಪ್ಪ ಆ ಕಪ್ಪನ್ನು ನಾಲಿಗೆಯ ತುದಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಉಗಿದ.

"ಅರಳೆಣ್ಣೆ ಅಲ್ಲ. ನಿಂದು."

ಹೊರಗೆ ಬಂದವನ ಮುಖದ ತುಂಬ ಮಣ್ಣು. ಖಂಡಿತವೇ ಎಂದು ಕೇಳುವ ಧೈರ್ಯ ತಮ್ಮನಿಗೆ ಬರಲಿಲ್ಲ. ಹುಡುಗನನ್ನು ಇಳಿಸಿ ತಾನು ಸ್ಟೀರಿಂಗು ಹಿಡಿಯುತ್ತೇನೆ, ಅತ್ತಿಗೆಗೆ ಮಾತು ಕೊಟ್ಟಿದ್ದೇನೆ ಎಂದ. ಇಳಿಜಾರಿನಲ್ಲಿ ಹಗ್ಗ ಕೈ ಬದಲಿಸುವುದಿಲ್ಲ, ಆ ಬ್ರೇಕು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಷ್ಟರಲ್ಲಿ ಲಾರಿ ಹಳ್ಳದಲ್ಲಿರುತ್ತದೆ ಎಂದ ಅಣ್ಣ. ಅದು ಸರಿಯೇ ಆಗಿತ್ತು. ಆಮೇಲೆ ಸಿದ್ದಮಲ್ಲಪ್ಪ ಮಾಡಿದ್ದನ್ನು ಮಾತ್ರ ಯಾರೂ ಎಣಿಸಿರಲಿಲ್ಲ. ಸತ್ತರೂ ಈ ಲಾರಿ ಹತ್ತುವುದಿಲ್ಲ ಎಂದು ಊರೆಲ್ಲ ಸಾರಿದ್ದ ಆ ಮನುಷ್ಯ ಪಂಚೆ ಬಿಗಿದು, ಬಾಗಿಲು ತೆಗೆದು, ಹತ್ತಿ ಮಗನ ಪಕ್ಕದಲ್ಲಿ ಕುಳಿತ.

"ಅಪ್ಪಯ್ಯ, ಇಳೀರಿ ನೀವು" ಎಂದ ನೀಲಕಂಠ.

"ನನ್ ಮೂಗು ಸುಳ್ಳಾಡಿದ್ರೆ ನಾನೂ ಒಳ್ಗೇ ಇರ್ಬೇಕು ಕಣ್ಲಾ. ನೀನ್ ಓಡ್ಸು." ತಮ್ಮನ ಕಡೆ ಬಗ್ಗಿ, "ಶಿವಂಜ, ಕಲ್ಲು ನೀನ್ ತಕ್ಕಾ. ಗಾಲಿ ಪಕ್ಕ ಬುಟ್ ಕದಲ್ಬ್ಯಾಡ."

ಹೀಗೆ ಲಾರಿಯ ಯಜಮಾನ ಗಾಡಿಯಾಳಾದ. ಎಂಜಿನ್ನು ಶುರುವಾಯಿತು. ಶಿವನಂಜಪ್ಪ ಒಂದು ಕಡೆಯ ಕಲ್ಲನ್ನು ಕಾಲಿನಿಂದ ದೂಡಿ, ಆಚೆಯದನ್ನು ಎತ್ತಿ ಎದೆಗವಚಿಕೊಂಡು ಗಾಲಿಯ ಪಕ್ಕದಲ್ಲೇ ನಡೆದ. ಲಾರಿ ತೆವಳಿತು. ಮುಂದಿನ ಶಾಫ್ಟು ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಅವನ ಕಿವಿ ಅಲ್ಲೇ ಇತ್ತು. ಚಿಂವ್ ಎನ್ನುವ ಸದ್ದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದ. ಪಂಚಾಕ್ಷರಿ ಜಪಿಸಲು ಹೋಗಿ, ಅರ್ಧಕ್ಕೇ ಮರೆತು, ಅಣ್ಣ ಅಣ್ಣ ಎನ್ನುತ್ತಿದ್ದ. ಹನಿ ದಪ್ಪವಾಯಿತು. ಕಾಲ ಕೆಳಗಿನ ಮಣ್ಣು ಬೆಣ್ಣೆಯಾಗುತ್ತ ಬಂತು. ತಿರುವಿನಲ್ಲಿ ಲಾರಿ ಒಮ್ಮೆ ಹಳ್ಳದ ಕಡೆ ಸರಿದಾಗ ಅವನು ಕಲ್ಲು ಒತ್ತಿದ, ನಿಂತಿತು, ಮತ್ತೆ ತೆಗೆದ. ಕ್ಯಾಬಿನ್ನಿನಲ್ಲಿ ಅಣ್ಣನ ದನಿ ಕೇಳುತ್ತಿತ್ತು. ಬೆದರಿದ ಎತ್ತಿಗೆ ಹೇಳುವ ಹಾಗೆ, ಸಾವಕಾಸ, ಸಾವಕಾಸ ಮಗ ಎನ್ನುತ್ತಿತ್ತು.

ಡಿಪೋದ ಮಟ್ಟಸ ನೆಲಕ್ಕೆ ಗಾಲಿ ತಾಗಿದಾಗ ಮಳೆ ಜೋರಾಗಿ ಹೊಯ್ಯುತ್ತಿತ್ತು. ಶಿವನಂಜಪ್ಪ ಕಲ್ಲು ಕೆಳಗಿಟ್ಟ. ತೋಳು ನೇರವಾಗಲೇ ಇಲ್ಲ. ಕುಸಿದು ಕುಳಿತು, ನಾಚಿಕೆಯಿಲ್ಲದೆ ಅತ್ತ.

ಸಿದ್ದಮಲ್ಲಪ್ಪ ಬಹಳ ಹೊತ್ತು ಕೆಳಗಿಳಿಯಲಿಲ್ಲ. ಮಗನ ಬೆರಳುಗಳನ್ನು ಬ್ರೇಕಿನಿಂದ ಒಂದೊಂದಾಗಿ ಬಿಡಿಸಿ, ನಜ್ಜುಗುಜ್ಜಾದ ಬಾಳೆಹಣ್ಣು ಸುಲಿದು ತಿನ್ನಿಸುತ್ತಿದ್ದ. ಇಳಿದು ಬಂದ ಮೇಲೆ ತಮ್ಮನ ಪಕ್ಕ ಡಿಪೋದ ಸೂರಿನ ಕೆಳಗೆ ಕುಳಿತ. ಹೆಂಡತಿಗೆ ತಾನೇ ಹೇಳುತ್ತೇನೆ, ಮುರಿದದ್ದು ನಿನ್ನ ಜಾಯಿಂಟಲ್ಲ ನನ್ನ ಎಣ್ಣೆ ಎಂದು ಹೇಳುತ್ತೇನೆ, ನಿನ್ನ ಮಾತು ತಪ್ಪಿಲ್ಲ ಎಂದ. ಸೊಂಟದ ಗೊಟ್ಟವನ್ನು ಅಣ್ಣ ಹೊರಗೆ ತೆಗೆದಾಗ, ಎಲ್ಲಿ ಹಳ್ಳಕ್ಕೆ ಎಸೆದುಬಿಡುತ್ತಾನೋ ಎಂದು ಶಿವನಂಜಪ್ಪ ಹೆದರಿದ. ಎಸೆಯಲಿಲ್ಲ. ಒರೆಸಿ ಮತ್ತೆ ಸಿಕ್ಕಿಸಿಕೊಂಡ.

"ಇದು ಗಾಡಿಗೆ ಇರ್ಲಿ. ಲಾರಿದು ಬ್ಯಾರೆ ಅಂತ ಈಗ ತಿಳೀತು. ಇನ್ನೊಂದ್ಸಲ ಆ ಬಟ್ಲು ಜೋಡ್ಸೋವಾಗ ನನ್ನ ಕರಿ, ನಿನ್ ಗ್ರೀಸ್ ಡಬ್ಬ ನನ್ ಕೈಗೆ ಕೊಡು. ನೀನು ಎದುರ್ಗೆ ಕುಂತ್ಕಂಡು ಎಂಗೆ ಅಂತ ಏಳು, ಮೊದ್ಲ ಬಟ್ಲು ನಾನ್ ತುಂಬ್ತೀನಿ. ಮನೆ ಇರೀಕ ನಾನು."

ಶಿವನಂಜಪ್ಪ ಎದ್ದು ಮಳೆಯಲ್ಲೇ ಲಾರಿಯ ಹತ್ತಿರ ಹೋದ. ಸೀಟಿನ ಕೆಳಗಿನ ಪೆಟ್ಟಿಗೆಯಿಂದ ಗ್ರೀಸಿನ ಡಬ್ಬ ತೆಗೆದು, ಪಂಚೆಯ ಸೆರಗಿನಲ್ಲಿ ಮುಚ್ಚಿ ತಂದು, ಮುಚ್ಚಳ ಬಿಚ್ಚಿ, ಎರಡೂ ಕೈಯಲ್ಲಿ ಅಣ್ಣನ ಮುಂದೆ ಹಿಡಿದ. ಸಿದ್ದಮಲ್ಲಪ್ಪ ಎರಡು ಬೆರಳು ಅದ್ದಿ, ಹೆಬ್ಬೆರಳಿನಲ್ಲಿ ತೀಡಿ, ಮೂಗಿಗೆ ತಂದು ಮೂಸಿದ.